ಮೆಕ್ಕೆಜೋಳದ ಕಾಳಿನಲ್ಲಿ ಕೇಂದ್ರ–ರಾಜ್ಯ ಪಾಠ: ನನ್ನ ಅನುಭವ

ಪಿಯು ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಡುವವರಿಗೆ ಇದು ಗೊತ್ತಿರುವ ಕಷ್ಟವೇ. ಕೇಂದ್ರ–ರಾಜ್ಯಗಳ ಅಧಿಕಾರ ಹಂಚುವ ಸಂವಿಧಾನದ ಏಳನೇ ಅನುಸೂಚಿಯ ಮೂರು ಪಟ್ಟಿಗಳನ್ನು ಮಕ್ಕಳು ಗಡಗಡ ಒಪ್ಪಿಸುತ್ತಾರೆ. ‘ಹಾಗಾದ್ರೆ ರಾಜ್ಯದ ಕೈಲಿ ಕೇಂದ್ರವನ್ನು ತಡೆಯೋಕಾಗುತ್ತಾ?’ ಎಂದರೆ ಎಲ್ಲರೂ ಬೆಂಚು ನೋಡುತ್ತಾರೆ. ದಾವಣಗೆರೆಯ ನನ್ನ ತರಗತಿಯಲ್ಲಿ ಈಗ ಹಾಗಿಲ್ಲ. ಸರಕು–ಸೇವಾ ತೆರಿಗೆಯ ಬಗ್ಗೆ ಕೇಂದ್ರವೂ ರಾಜ್ಯಗಳೂ ಕೂತು ತೀರ್ಮಾನಿಸುವ ಜಿಎಸ್‌ಟಿ ಕೌನ್ಸಿಲ್‌ನ ಮತದಾನವನ್ನೇ ಆಟವಾಗಿ ಆಡಿಸುತ್ತೇನೆ.

ಮೊದಲು ಬಣ್ಣದ ಚಾರ್ಟ್ ಮಾಡಿಸಿದೆ. ಏಳೆಂಟು ನೂರು ಕೈಯಿಂದ ಹೋಯಿತು, ಗೋಡೆ ಚೆಂದವಾಯಿತು, ಅಷ್ಟೇ. ಆಮೇಲೆ ಲ್ಯಾಮಿನೇಟ್ ಮಾಡಿಸಿದ ಮತಚೀಟಿ. ಅದಕ್ಕೆ ಇನ್ನೂ ಜಾಸ್ತಿ ಬಿತ್ತು, ವಾರದಲ್ಲಿ ಅರ್ಧ ಮಾಯ. ಚಳ್ಳಕೆರೆ ಕಡೆಯ ಹುಡುಗನೊಬ್ಬ ಶೇಂಗಾ ತಂದ. ಮತ ಎಣಿಸುವ ಮೊದಲೇ ತಿಂದು ಮುಗಿಸಿದರು. ‘ಆಟ ಆಡಿಸ್ತಾ ಕೂತ್ರೆ ಪೋರ್ಷನ್ ಮುಗಿಯಲ್ಲ ಸರ್’ ಎಂದು ಸ್ಟಾಫ್ ರೂಮಿನಲ್ಲಿ ದಿನಾ ಕೇಳಬೇಕಾಯಿತು.

ಕೈ ಹಿಡಿದದ್ದು ಮೆಕ್ಕೆಜೋಳ. ನಮ್ಮೂರಲ್ಲಿ ಅದಕ್ಕೇನು ಬರ? ಒಂದು ಸೇರು ಕಾಳು ಮಕ್ಕಳ ಮನೆಯಿಂದಲೇ ಬಂತು.

ಸಂವಿಧಾನದ 279ಎ ವಿಧಿಯ ಪ್ರಕಾರ ಜಿಎಸ್‌ಟಿ ಕೌನ್ಸಿಲ್‌ನಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದರಷ್ಟು ತೂಕ, ಉಳಿದದ್ದು ರಾಜ್ಯಗಳದ್ದು. ಯಾವ ತೀರ್ಮಾನಕ್ಕೂ ಮುಕ್ಕಾಲು ಭಾಗ ಬೇಕು. ವಿಧಾನಸಭೆ ಇರುವ ಕೇಂದ್ರಾಡಳಿತ ಪ್ರದೇಶಗಳೂ ಸೇರಿ ರಾಜ್ಯಗಳು 31, ಒಂದೊಂದಕ್ಕೆ ಒಬ್ಬ ವಿದ್ಯಾರ್ಥಿ. ತಲಾ 2 ಕಾಳು ಕೊಟ್ಟರೆ 62. ಕೇಂದ್ರವಾದ ಹುಡುಗಿಗೆ 31. ಒಟ್ಟು 93, ಗೆಲ್ಲಲು 70.

ಎಲ್ಲ ರಾಜ್ಯ ಒಂದಾದರೂ 62ಕ್ಕೇ ನಿಲ್ಲುತ್ತದೆ. ಕೇಂದ್ರ ಬೇಡ ಎಂದರೆ ಆಯಿತು, ಏನೂ ನಡೆಯದು. ಇಲ್ಲಿಗೆ ಮಕ್ಕಳ ಮುಖ ಬಾಡುತ್ತದೆ. ಆಗ ತಿರುಗಿಸಿ ಕೇಳುತ್ತೇನೆ: ಕೇಂದ್ರಕ್ಕೆ ಎಷ್ಟು ರಾಜ್ಯ ಬೇಕು? ಕಾಳು ಸರಿಸುತ್ತಾರೆ. 19 ರಾಜ್ಯ ಬಂದರೂ 69! 20 ಬೇಕೇ ಬೇಕು. ಅಂದರೆ 12 ರಾಜ್ಯ ಗಟ್ಟಿಯಾಗಿ ನಿಂತರೆ ಕೇಂದ್ರವೂ ಕೈಕಟ್ಟಿ ಕೂರಬೇಕು. ಆ ಒಂದು ಕಾಳಿಗಾಗಿ ನಡೆಯುವ ಜಗಳವೇ ನನ್ನ ಪಾಠ. 2019ರ ಡಿಸೆಂಬರ್‌ನಲ್ಲಿ ಲಾಟರಿ ತೆರಿಗೆಗಾಗಿ ಕೌನ್ಸಿಲ್ ಮೊದಲ ಸಲ ಮತಕ್ಕೆ ಹೋದದ್ದನ್ನು ಆಮೇಲೆ ಹೇಳಿದರೆ ಕಿವಿ ನಿಮಿರುತ್ತದೆ. ಕೌನ್ಸಿಲ್‌ನ ಶಿಫಾರಸು ಕಟ್ಟುಪಾಡಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದ್ದನ್ನು ಮರುದಿನಕ್ಕೆ ಇಟ್ಟುಕೊಳ್ಳುತ್ತೇನೆ.

ಒಬ್ಬರು ಗೈರಾದರೆ ಅವರ 2 ಕಾಳಿನ ಜೊತೆ ಕೇಂದ್ರದ್ದೂ 1 ತೆಗೆಯಿರಿ, ಲೆಕ್ಕ ಸರಿಹೋಗುತ್ತದೆ. ಕೇಂದ್ರ ಯಾರಾಗಬೇಕು ಎಂದು ಹೇಗೆ ಆರಿಸುತ್ತೇನೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಆಟದ ಜೀವ ಅಲ್ಲೇ ಇದೆ.

ಕೇಂದ್ರ ಹಣದಿಂದಲೂ ರಾಜ್ಯಗಳನ್ನು ಬಗ್ಗಿಸಬಹುದು ಎಂದು ತೋರಿಸಲು ಇನ್ನೊಂದು ಪ್ರಯೋಗ ಮಾಡಿದೆ. ಅಮೆರಿಕದಲ್ಲಿ ಕುಡಿಯುವ ವಯಸ್ಸನ್ನು 21 ಮಾಡದ ರಾಜ್ಯಗಳಿಗೆ ಹೆದ್ದಾರಿ ಹಣದಲ್ಲಿ ಶೇ. 5 ಕಡಿತ ಎಂದು ಅಲ್ಲಿನ ಕೇಂದ್ರ ಕಾನೂನು ಮಾಡಿತ್ತು. 1987ರಲ್ಲಿ ಕೋರ್ಟೂ ಒಪ್ಪಿತು. ಅದೇ ರೀತಿ ‘ನನ್ನ ಮಾತು ಕೇಳಿದವರಿಗೆ 5 ಕಾಳು’ ಎಂದೆ. ಮುಕ್ಕಾಲು ತರಗತಿ ಬಂದುಬಿಟ್ಟಿತು. ಹೊಸದುರ್ಗದ ಹುಡುಗಿ ತಕ್ಷಣ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ಮಾತು ಎತ್ತಿದಳು: ನೀರು ರಾಜ್ಯ ಪಟ್ಟಿಯಲ್ಲಿದೆ, 2023ರ ಬಜೆಟ್‌ನಲ್ಲಿ 5,300 ಕೋಟಿ ಘೋಷಿಸಿದ್ದು ಕೇಂದ್ರ, ಹಾಗಾದರೆ ಕಾಲುವೆ ಯಾರ ಕೈಲಿದೆ? ಅರ್ಧ ಗಂಟೆ ಚರ್ಚೆ ನಡೆಯಿತು.

ಕಿರುಪರೀಕ್ಷೆಯಲ್ಲಿ ಅರವತ್ತರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ 12ರ ಲೆಕ್ಕವನ್ನು ತಾವೇ ಬಿಡಿಸಿ ಬರೆದರು. ಪೋರ್ಷನ್ನೂ ಮುಗಿಯಿತು.

ಮಾಡುವವರು ಊಟದ ಕಾಳನ್ನೇ ತನ್ನಿ. ಬಿತ್ತನೆ ಬೀಜಕ್ಕೆ ಔಷಧಿ ಬಳಿದಿರುತ್ತಾರೆ, ಮಕ್ಕಳ ಕೈಗೆ ಕೊಡಬೇಡಿ.