ಕಲಬುರಗಿ ಬಿಸಿಲಿನಲ್ಲಿ ಕಾರಿಗೆ ನಾನೇ ಸೆರಾಮಿಕ್ ಕೋಟಿಂಗ್ ಹಚ್ಚಿದ್ದು

ಮೊದಲ ಸಲ ಹಚ್ಚಿದಾಗ ಬಾನೆಟ್ ಪೂರ್ತಿ ಕೆಡಿಸಿಕೊಂಡೆ. ಅಲ್ಲಿಂದಲೇ ಶುರು ಮಾಡುತ್ತೇನೆ, ಯಾಕಂದ್ರೆ ನಾನು ಕಲಿತದ್ದೆಲ್ಲ ಆ ಬಾನೆಟ್ ಮೇಲೆಯೇ.

ಹೋಳಿ ಹುಣ್ಣಿಮೆ ಕಳೆದು ನಾಲ್ಕೈದು ದಿನ ಆಗಿತ್ತು. ಭಾನುವಾರ. ಕಾರು ತೊಳೆದು, ಒರೆಸಿ, ಬೆಳಿಗ್ಗೆ 11 ಗಂಟೆಗೆ ಬಾಟಲಿ ಬಿಚ್ಚಿದೆ. ಕಾರು ತಗಡಿನ ಶೆಡ್ಡಿನಲ್ಲಿತ್ತು. ನೆರಳು ಇದೆಯಲ್ಲ ಅಂತ ನನ್ನ ಧೈರ್ಯ. ವಿಡಿಯೋದಲ್ಲಿ ನೋಡಿದ ಹುಡುಗ ಹಚ್ಚಿ ಎರಡು ಮೂರು ನಿಮಿಷ ಬಿಟ್ಟು ಒರೆಸುತ್ತಿದ್ದ. ನಾನೂ ಹಾಗೇ ಬಿಟ್ಟೆ. ಒರೆಸಲು ಹೋದರೆ ಬಟ್ಟೆ ಜಾರಲೇ ಇಲ್ಲ, ಹಿಡಿದುಕೊಂಡು ನಿಂತಿತು. ಉಜ್ಜಿದಷ್ಟೂ ಕಾಮನಬಿಲ್ಲಿನ ಬಣ್ಣದ ಪಟ್ಟೆಗಳು ಅಲ್ಲಲ್ಲೇ ಗಟ್ಟಿಯಾಗುತ್ತಾ ಹೋದವು. ಕಾರು ಬೇರೆ ಕಪ್ಪು. ಸಂಜೆ ಬೀದಿದೀಪದ ಬೆಳಕು ಬಿದ್ದಾಗ ನೋಡಿದರೆ ಯಾರೋ ಮಿರ್ಚಿ ಭಜಿ ತಿಂದ ಕೈ ಬಾನೆಟ್ಟಿಗೆ ಒರೆಸಿದ ಹಾಗಿತ್ತು.

ಪಕ್ಕದ ಮನೆ ಕಾಕಾ ಗೇಟಿನ ಹತ್ತಿರ ಬಂದು ನಿಂತರು. "ಏನಪಾ, ಕಾರಿಗಿ ಎಣ್ಣಿ ಹಚ್ಚಿ ಎರೀಲತ್ತೀ ಏನು?"

ನಾನು ಸುಮ್ನೆ ನಕ್ಕೆ. ಬೇರೆ ಏನು ಹೇಳೋದು?

ನನ್ನದು ಬೀಜ, ಗೊಬ್ಬರದ ವ್ಯಾಪಾರ. ವಾರದಲ್ಲಿ ಮೂರು ದಿನ ಸೇಡಂ, ಚಿತ್ತಾಪುರ, ಜೇವರ್ಗಿ ಕಡೆ ಓಡಾಟ. ಸೇಡಂ ಕಡೆ ಹೋದರೆ ಸಿಮೆಂಟ್ ಧೂಳು, ಜೇವರ್ಗಿ ಕಡೆ ಹೋದರೆ ಎರೆಮಣ್ಣು. ಮನೆಯಲ್ಲಿ ನಿಲ್ಲಿಸಿದರೆ ಬೇವಿನ ಮರದ ಹಕ್ಕಿಗಳು. ಕಾರು ತೆಗೆದುಕೊಂಡು ಒಂದೂವರೆ ವರ್ಷಕ್ಕೇ ಬಿಸಿಲಿಗೆ ಹಿಡಿದು ನೋಡಿದರೆ ಬಣ್ಣದ ತುಂಬಾ ಜೇಡರ ಬಲೆಯ ಹಾಗೆ ಸಣ್ಣ ಗೀರುಗಳು. ಊರಿನ ಒಂದು ಅಂಗಡಿಯಲ್ಲಿ ಒಮ್ಮೆ ಟೆಫ್ಲಾನ್ ಕೋಟಿಂಗ್ ಮಾಡಿಸಿದ್ದೆ. ಮೂರು ತಿಂಗಳು ಮಿಂಚಿತು, ಆಮೇಲೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಸೆರಾಮಿಕ್ ಕೋಟಿಂಗಿಗೆ ಕೇಳಿದರೆ 18,000 ರೂಪಾಯಿ ಅಂದರು. ಕೆಲಸ ಹೇಗೆ ಮಾಡುತ್ತೀರಿ, ನೋಡಬಹುದಾ ಅಂದೆ. ಕಾರು ಬಿಟ್ಟು ಹೋಗಿ, ನಾಳೆ ಬನ್ನಿ ಅಂದರು. ಅದಕ್ಕೇ ನಾನೇ ಮಾಡೋಣ ಅಂತ ಹೊರಟೆ.

ಮೊದಲು ಈ ಕೋಟಿಂಗ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಸಿಲಿಕಾ ಆಧಾರದ ದ್ರವ ಅದು. ಬಣ್ಣದ ಮೇಲಿರುವ ಪಾರದರ್ಶಕ ಪದರಕ್ಕೆ, ಅಂದರೆ ಕ್ಲಿಯರ್ ಕೋಟಿಗೆ ಹಚ್ಚಿದರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಮೇಣದ ಹಾಗೆ ಬಿಸಿಲಿಗೆ ಕರಗಿ ಹೋಗುವುದಿಲ್ಲ. ಆದರೆ ಪದರ ಎಷ್ಟು ದಪ್ಪ? ಹೆಚ್ಚು ಕಡಿಮೆ ಒಂದು ಮೈಕ್ರಾನ್. ಕಾರಿನ ಬಣ್ಣ ಎಲ್ಲ ಪದರ ಸೇರಿ 100 ಮೈಕ್ರಾನ್ ಆಸುಪಾಸು ಇರುತ್ತದೆ. ನಮ್ಮ ಕೂದಲೇ 70 ಮೈಕ್ರಾನ್ ಅಂತಿಟ್ಟುಕೊಳ್ಳಿ. ಬಾಟಲಿ ಮೇಲೆ ದೊಡ್ಡದಾಗಿ 9ಎಚ್ ಅಂತ ಬರೆದಿರುತ್ತದೆ. ಅದು ಪೆನ್ಸಿಲ್ ಗಟ್ಟಿತನದ ಪರೀಕ್ಷೆಯ ಲೆಕ್ಕ. ವಜ್ರದಷ್ಟು ಗಟ್ಟಿ ಅಂತ ಮಾರುವವರು ಹೇಳುತ್ತಾರೆ, ನಂಬಬೇಡಿ. ಕೀಲಿಯಿಂದ ಗೀಚಿದರೆ ಗೀರು ಬೀಳುತ್ತದೆ. ಲಾರಿ ಹಿಂದಿನಿಂದ ಸಿಡಿದ ಕಲ್ಲಿಗೂ ಇದು ಅಡ್ಡ ಬರುವುದಿಲ್ಲ. ಅದಕ್ಕೆ ಪಿಪಿಎಫ್ ಅಂತ ದಪ್ಪ ಪ್ಲಾಸ್ಟಿಕ್ ಹಾಳೆ ಬೇರೆ ಇದೆ, ಅದರ ದುಡ್ಡೂ ಬೇರೆ.

ಹಾಗಾದರೆ ಉಪಯೋಗ ಏನು? ಕೊಳೆ ಅಂಟುವುದು ಕಡಿಮೆ. ಅಂಟಿದ್ದೂ ನೀರು ಹೊಡೆದರೆ ಬೇಗ ಬಿಡುತ್ತದೆ. ಬಿಡಿಸಲು ಉಜ್ಜುವುದು ಕಡಿಮೆಯಾದರೆ ಗೀರೂ ಕಡಿಮೆ. ನನಗೆ ಅಷ್ಟೇ ಬೇಕಿತ್ತು.

ಕೆಟ್ಟ ಬಾನೆಟ್ಟಿಗೆ ವಾಪಸ್ ಬರುತ್ತೇನೆ. ಹಚ್ಚಿದ ಗಂಟೆಯೊಳಗೆ ಪಟ್ಟೆ ಕಂಡರೆ ಅದೇ ಜಾಗಕ್ಕೆ ಇನ್ನೆರಡು ಹನಿ ಹಾಕಿ ತಕ್ಷಣ ಒರೆಸಿದರೆ ಬಿಟ್ಟುಹೋಗುತ್ತದೆ. ನನಗೆ ಆಗ ಅದು ಗೊತ್ತಿರಲಿಲ್ಲ. ಮೂರು ದಿನ ಬಿಟ್ಟು, ಗ್ಯಾರೇಜ್ ಇಟ್ಟಿರುವ ಗೆಳೆಯನಿಂದ ಪಾಲಿಶ್ ಮೆಷಿನ್ ತಂದು ಪೂರ್ತಿ ತೆಗೆಯಬೇಕಾಯಿತು. ಪಾಲಿಶ್ ಮಾಡಿದಾಗಲೆಲ್ಲ ಕ್ಲಿಯರ್ ಕೋಟ್ ಸ್ವಲ್ಪ ಸವೆಯುತ್ತದೆ. ಇರುವುದೇ 40 ಮೈಕ್ರಾನ್ ಆಚೆ ಈಚೆ. ತಪ್ಪು ಮಾಡುತ್ತಾ, ತಿದ್ದುತ್ತಾ ಕೂರುವ ಹಾಗಿಲ್ಲ.

ತಪ್ಪು ಬಾಟಲಿಯದ್ದಲ್ಲ, ಗಂಟೆಯದ್ದು. ಇಂಥ ಕೋಟಿಂಗಿಗೆ 15ರಿಂದ 25 ಡಿಗ್ರಿ ಒಳ್ಳೆಯದು. ನಮ್ಮಲ್ಲಿ ಮಾರ್ಚ್ ಅಂದರೆ ಹಗಲು ಹೊತ್ತು ಆ ಲೆಕ್ಕ ಮುಗಿದೇ ಹೋಯಿತು. ತಗಡಿನ ಕೆಳಗೆ ನೆರಳು ಇರುತ್ತದೆ, ತಂಪು ಇರುವುದಿಲ್ಲ. ಕಬ್ಬಿಣ ಕಾದಿದ್ದರೆ ದ್ರವ ಅರ್ಧ ನಿಮಿಷಕ್ಕೇ ಒಣಗುತ್ತದೆ. ಆ ವಿಡಿಯೋ ಮಾಡಿದವನು ಎಸಿ ಇರುವ ಕೋಣೆಯಲ್ಲಿದ್ದ. ನಾನು ಕಲಬುರಗಿಯಲ್ಲಿದ್ದೆ.

ಎಳ್ಳ ಅಮಾವಾಸ್ಯೆಗೆ ಕಾದೆ. ಅಮಾವಾಸ್ಯೆ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ ತಿಂದು ಬಂದೆವು. ಕಾರು ಮಣ್ಣು ಮೆತ್ತಿಕೊಂಡು ಗುರುತೇ ಸಿಗದ ಹಾಗಿತ್ತು. ಆ ಹೊತ್ತಿಗೆ ಅಂಗಡಿಯಲ್ಲಿ ಕೆಲಸ ಕಡಿಮೆ. ಬೆಳಗಿನ ಜಾವ 15-16 ಡಿಗ್ರಿ. ಇದೇ ಸರಿಯಾದ ಹೊತ್ತು ಅನಿಸಿತು.

ಕೋಟಿಂಗ್ ಹಚ್ಚುವುದು ಎರಡು ತಾಸಿನ ಕೆಲಸ. ಅದಕ್ಕೆ ಮುಂಚಿನದ್ದು ಎರಡು ದಿನ. ಶುಕ್ರವಾರ ತೊಳೆಯುವುದಕ್ಕೇ ಹೋಯಿತು. ಮೊದಲು ಬರೀ ನೀರು ಜೋರಾಗಿ ಹೊಡೆದು ಮಣ್ಣು ಇಳಿಸಿದೆ. ಆಮೇಲೆ ಎರಡು ಬಕೆಟ್: ಒಂದರಲ್ಲಿ ಶಾಂಪೂ ನೀರು, ಇನ್ನೊಂದು ಬಟ್ಟೆ ಜಾಲಿಸಿಕೊಳ್ಳಲು. ಒಂದೇ ಬಕೆಟ್ಟಾದರೆ ತೆಗೆದ ಮರಳನ್ನೇ ಮತ್ತೆ ಕಾರಿಗೆ ಉಜ್ಜಿದ ಹಾಗೆ. ಆಮೇಲೆ ಐರನ್ ರಿಮೂವರ್ ಸಿಂಪಡಿಸಿದೆ. ಬ್ರೇಕಿನಿಂದ ಹಾರಿ ಬಣ್ಣದೊಳಗೆ ಕಚ್ಚಿಕೊಂಡ ಕಬ್ಬಿಣದ ಪುಡಿಗೆ ಅದು ತಾಗಿದರೆ ನೇರಳೆ ಹಣ್ಣು ಹಿಂಡಿದ ಹಾಗೆ ಬಣ್ಣ ಇಳಿಯುತ್ತದೆ. ವಾಸನೆ ಮಾತ್ರ ಕೊಳೆತ ಮೊಟ್ಟೆಯದು. ಅವ್ವ ಅಡುಗೆಮನೆ ಕಿಟಕಿ ಧಡಾರ್ ಅಂತ ಮುಚ್ಚಿದಳು.

ತೊಳೆದ ಮೇಲೂ ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಣ್ಣದ ಮೇಲೆ ಸವರಿ ನೋಡಿ. ಬರೀ ಕೈಗೆ ಗೊತ್ತಾಗದ್ದು ಚೀಲದೊಳಗಿನ ಕೈಗೆ ಗೊತ್ತಾಗುತ್ತದೆ. ನನ್ನ ಕಾರು ಮರಳು ಕಾಗದದ ಹಾಗಿತ್ತು. ಡಿಕ್ಕಿ ಮತ್ತು ಮೇಲ್ಛಾವಣಿಯ ಮೇಲೆ ಸಿಮೆಂಟಿನ ಸಣ್ಣ ಸಣ್ಣ ಚುಕ್ಕೆ. ಇಬ್ಬನಿ ಬಿದ್ದು, ಒಣಗಿ, ಅಲ್ಲೇ ಕಲ್ಲಾಗಿದ್ದವು. ಬಣ್ಣಕ್ಕೆ ಕಚ್ಚಿಕೊಂಡ ಕೊಳೆ ಎತ್ತಲು ಕ್ಲೇ ಬಾರ್ ಅಂತ ಜೇಡಿಮಣ್ಣಿನ ಹಾಗಿರುವ ಮೆತ್ತನೆಯ ಮುದ್ದೆ ಬರುತ್ತದೆ. ಇದಕ್ಕೆ ನೇರವಾಗಿ ಅದನ್ನು ಎಳೆದರೆ ಆ ಕಲ್ಲೇ ಕಾರಿನ ಮೇಲೆಲ್ಲ ಓಡಾಡಿ ಗೀರು ಹಾಕುತ್ತದೆ. ಮೊದಲು ವಿನೆಗರ್. ಅರ್ಧ ವಿನೆಗರ್, ಅರ್ಧ ನೀರು, ನೆನೆಸಿದ ಬಟ್ಟೆಯನ್ನು ಚುಕ್ಕೆಯ ಮೇಲೆ ಐದು ನಿಮಿಷ ಸುಮ್ಮನೆ ಇಟ್ಟರೆ ಮೆತ್ತಗಾಗುತ್ತದೆ. ಉಜ್ಜದೆ ಎತ್ತಿ, ನೀರು ಹೊಡೆದು, ಅದಾದ ಮೇಲೆ ಕ್ಲೇ.

ಇಲ್ಲೊಂದು ಎಡವಟ್ಟು ಆಯಿತು. ನಮ್ಮ ಅಂಗಳಕ್ಕೆ ಹಾಸಿರುವುದು ಶಹಾಬಾದ್ ಪರಸಿ. ಅದೂ ಸುಣ್ಣದ ಕಲ್ಲೇ ಅಲ್ವಾ? ವಿನೆಗರ್ ಡಬ್ಬಿ ಉರುಳಿ ಬಿದ್ದದ್ದೇ ಪರಸಿ ಮೇಲೆ ಬುಸುಬುಸು ನೊರೆ. ಒರೆಸಿದರೂ ಮಂಕಾದ ಕಲೆ ಉಳಿಯಿತು. ಇವತ್ತಿಗೂ ಯಾರಾದರೂ ಮನೆಗೆ ಬಂದರೆ ಅವ್ವ ಆ ಕಲೆ ತೋರಿಸಿ, "ನೋಡ್ರಿ, ನನ್ನ ಮಗ ಕಾರ್ ತೊಳ್ದಿದ್ದು" ಅನ್ನುತ್ತಾಳೆ.

ಶನಿವಾರ ಪಾಲಿಶ್. ನಾಲ್ಕು ತಾಸಿನಲ್ಲಿ ಮುಗಿಸೋಣ ಅಂದುಕೊಂಡದ್ದು ಸಂಜೆಯಾಯಿತು. ರಬ್ಬರ್ ಪಟ್ಟಿ, ಕಪ್ಪು ಪ್ಲಾಸ್ಟಿಕ್ ಇರುವ ಕಡೆ ಎಲ್ಲ ಟೇಪ್ ಅಂಟಿಸಿ. ಅಂಟಿಸದೆ ಬಿಟ್ಟರೆ ಕಾಂಪೌಂಡಿನ, ಅಂದರೆ ಪಾಲಿಶ್ ಮಾಡುವ ಪೇಸ್ಟಿನ ಬಿಳಿ ಅಲ್ಲಿ ಕೂತು ಹೋಗುವುದೇ ಇಲ್ಲ. ಬಾಡಿಯ ಮಡಿಕೆ, ಅಂಚುಗಳಲ್ಲಿ ಬಣ್ಣ ತೆಳು, ಅಲ್ಲಿ ಮೆಷಿನ್ ನಿಲ್ಲಿಸಬೇಡಿ. ಎಲ್ಲ ಗೀರು ತೆಗೆಯುವ ಹಟವೂ ಬೇಡ. ನಾನು ಹತ್ತರಲ್ಲಿ ಏಳು ತೆಗೆದು ಉಳಿದದ್ದನ್ನು ಬಿಟ್ಟೆ. ಕೋಟಿಂಗ್ ಗೀರನ್ನು ಮುಚ್ಚುವುದಿಲ್ಲ, ಕೆಳಗೆ ಇರುವುದನ್ನೇ ಹೊಳೆಸಿ ತೋರಿಸುತ್ತದೆ. ಆದ್ದರಿಂದ ಹೊಳಪು ಬೇಕಿದ್ದವರು ಕೈಬಿಡಬಾರದ ಹಂತ ಇದು. ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ನೀರು ಬೆರೆಸಿ ಪೂರ್ತಿ ಒರೆಸಿದೆ. ಪಾಲಿಶ್‌ನ ಎಣ್ಣೆ ಗೀರುಗಳಲ್ಲಿ ತುಂಬಿಕೊಂಡು ಮೋಸ ಮಾಡುತ್ತದೆ. ಎಣ್ಣೆ ಹೋದ ಮೇಲೆ ಕಾಣುವುದೇ ಖರೇ. ಎಣ್ಣೆ ಉಳಿದರೆ ಕೋಟಿಂಗ್ ಹಿಡಿಯುವುದೂ ಇಲ್ಲ.

ಭಾನುವಾರ ಬೆಳಿಗ್ಗೆ 5:30ಕ್ಕೆ ಎದ್ದು ಕೆಲಸ ಹಿಡಿದೆ. ಅಕ್ಕನ ಮಗ ಮೊಬೈಲ್ ಟಾರ್ಚ್ ಹಿಡಿದು ನಿಂತ. ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್, ಶೆಡ್ಡಿನ ಎರಡೂ ಕಡೆ ಗಾಳಿ. ಸ್ಪಂಜಿಗೆ ಸಣ್ಣ ಬಟ್ಟೆ ಸುತ್ತಿ ಆರೇಳು ಹನಿ ಹಾಕುವುದು. ಎರಡಡಿ ಅಗಲ, ಎರಡಡಿ ಉದ್ದ, ಅದಕ್ಕಿಂತ ಜಾಸ್ತಿ ಜಾಗ ಹಿಡಿಯಬಾರದು. ಮೊದಲು ಅಡ್ಡ, ಆಮೇಲೆ ಉದ್ದ. ಈ ಸಲ ಗಡಿಯಾರ ನೋಡಲಿಲ್ಲ, ಬಣ್ಣ ನೋಡಿದೆ. ಕಾಮನಬಿಲ್ಲು ಮೂಡಿ, ಸಣ್ಣ ಬೆವರಿನ ಹಾಗೆ ಹನಿಗಟ್ಟಿದರೆ ಒರೆಸುವ ಹೊತ್ತು ಬಂತು ಅಂತ. ನನಗೆ ಒಂದು ನಿಮಿಷಕ್ಕೆ ಬರುತ್ತಿತ್ತು. ಒಂದು ಬಟ್ಟೆಯಲ್ಲಿ ಮೆಲ್ಲಗೆ ತೆಗೆದು, ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸುವುದು. ಹುಡುಗ ಟಾರ್ಚನ್ನು ಓರೆಯಾಗಿ ಹಿಡಿದು "ಮಾಮಾ, ಇಲ್ಲಿ ಉಳದದ ನೋಡು" ಅನ್ನುತ್ತಿದ್ದ. ಅವನ ಕಣ್ಣು ಇಲ್ಲದಿದ್ದರೆ ಬಾನೆಟ್ಟಿನ ಕತೆ ಮತ್ತೆ ಆಗುತ್ತಿತ್ತು. 8 ಗಂಟೆಗೆ, ಬಿಸಿಲು ಗೋಡೆ ಹತ್ತುವ ಮುಂಚೆ ಮುಗಿಯಿತು. 30 ಎಂಎಲ್ ಬಾಟಲಿಯಲ್ಲಿ ಮೂರನೆಯ ಒಂದು ಭಾಗ ಉಳಿದಿತ್ತು, ಗಾಲಿಗಳಿಗೆ ಹಚ್ಚಿದೆ. ಬಾಟಲಿ ಒಮ್ಮೆ ಬಿಚ್ಚಿದರೆ ಗಾಳಿಯ ತೇವಕ್ಕೇ ಗಟ್ಟಿಯಾಗುತ್ತದೆ, ಮುಂದಿನ ವರ್ಷಕ್ಕೆ ಅಂತ ಎತ್ತಿಡುವುದರಲ್ಲಿ ಅರ್ಥವಿಲ್ಲ.

ಒರೆಸಿದ ಬಟ್ಟೆಗಳನ್ನೂ ಇಟ್ಟುಕೊಳ್ಳಬೇಡಿ. ಮರುದಿನ ನೋಡಿದರೆ ಹಪ್ಪಳದ ಹಾಗೆ ಕಟುಕಟು ಆಗಿದ್ದವು. ಅದರಿಂದ ಮತ್ತೆ ಕಾರು ಒರೆಸಿದರೆ ಗೀರು ಗ್ಯಾರಂಟಿ.

ಖರ್ಚು: ಬಾಟಲಿ 2,200, ಕಾಂಪೌಂಡ್ ಮತ್ತು ಪ್ಯಾಡ್ 1,600, ಕ್ಲೇ, ಐರನ್ ರಿಮೂವರ್, ಬಟ್ಟೆಗಳು 1,500. ಒಟ್ಟು 5,300 ರೂಪಾಯಿ. ಮೆಷಿನ್ ಪುಕ್ಕಟೆ ಸಿಕ್ಕಿತು. ಬೆನ್ನು ನೋವು ನಾಲ್ಕು ದಿನ. ಒಂದು ದಿನ ಪೂರ್ತಿ ನೀರು ತಾಗಿಸಲಿಲ್ಲ, ಒಂದು ವಾರ ಶಾಂಪೂ ಹಾಕಲಿಲ್ಲ. ಆ ವಾರ ಧೂಳು ಕೂತದ್ದನ್ನು ನೋಡಿಕೊಂಡು ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟ ಆಯಿತು.

ಈಗ ಯಾರೂ ಹೇಳದ ವಿಷಯ. ನೀರು ಮುತ್ತಿನ ಹಾಗೆ ಉರುಳುವ ವಿಡಿಯೋ ನೋಡಿಯೇ ಎಲ್ಲರೂ ಮರುಳಾಗುವುದು, ನಾನೂ ಆದೆ. ಆದರೆ ನಮ್ಮದು ಬೋರ್‌ವೆಲ್ ಗಡಸು ನೀರು. ಮುತ್ತಾಗಿ ನಿಂತ ಹನಿ ಬಿಸಿಲಲ್ಲಿ ಆರಿದರೆ ಅದರೊಳಗಿನ ಸುಣ್ಣವೆಲ್ಲ ಒಂದೇ ಚುಕ್ಕೆಯಾಗಿ ಕೂರುತ್ತದೆ. ಕೋಟಿಂಗ್ ಇಲ್ಲದಾಗ ನೀರು ಹರಡಿಕೊಂಡು ಮಸುಕಾಗುತ್ತಿತ್ತು, ಈಗ ದುಂಡಗಿನ ಬಿಳಿ ಕಲೆ ಎದ್ದು ಕಾಣುತ್ತದೆ. ಏಪ್ರಿಲ್ ತಿಂಗಳಲ್ಲಿ ಒಮ್ಮೆ ಮಧ್ಯಾಹ್ನ ಗಿಡಕ್ಕೆ ಬಿಟ್ಟ ಪೈಪಿನ ನೀರು ಬಾನೆಟ್ಟಿಗೆ ಸಿಡಿದಿತ್ತು. ಹತ್ತು ನಿಮಿಷಕ್ಕೆ ಬಾನೆಟ್ ತುಂಬಾ ಚುಕ್ಕೆ. ವಿನೆಗರ್ ನೀರಿನಿಂದ ಬಹಳಷ್ಟು ಹೋಯಿತು, ಎರಡು ಮೂರು ಮಾತ್ರ ಕ್ಲಿಯರ್ ಕೋಟ್ ತಿಂದು ಉಳಿದೇ ಬಿಟ್ಟವು. ಅಂದಿನಿಂದ ಬೆಳಿಗ್ಗೆ 7ರ ಒಳಗೇ ತೊಳೆಯುತ್ತೇನೆ. ಕೊನೆಯ ಒಂದು ಕೊಡ ಮಾತ್ರ ಕ್ಯಾನಿನ ಫಿಲ್ಟರ್ ನೀರು. ತಕ್ಷಣ ಒಣ ಬಟ್ಟೆ. ಮುತ್ತು ನಿಲ್ಲಲು ಬಿಡುವುದೇ ಇಲ್ಲ.

ಹಕ್ಕಿ ಹಿಕ್ಕೆಯೂ ಅಷ್ಟೇ. ಕೋಟಿಂಗ್ ಇದ್ದರೆ ಕೆಲವು ತಾಸಿನ ಬಿಡುವು ಸಿಗುತ್ತದೆ. ಬೆಳಿಗ್ಗೆ ಬಿದ್ದದ್ದನ್ನು ಸಂಜೆ ನೋಡೋಣ ಅಂದರೆ ಮೇ ತಿಂಗಳ 42 ಡಿಗ್ರಿಯಲ್ಲಿ ಕಪ್ಪು ಬಣ್ಣ ಬೆಂದು ಅದನ್ನು ನುಂಗಿಬಿಟ್ಟಿರುತ್ತದೆ. ನನ್ನ ಎಡ ಬಾಗಿಲ ಮೇಲೆ ಅಂಥದ್ದೊಂದು ಇದೆ. ಅದರ ಕೆಳಗೆ ತೊಗರಿ ಕಟ್ಟಿಗೆ ಸವರಿದ ಉದ್ದನೆಯ ಗೀರು, ಹೊಲದ ದಾರಿಯದು.

ಲಾಭ ಆದದ್ದು ಮಳೆಗಾಲದಲ್ಲಿ. ಎರೆಮಣ್ಣು ಮುಂಚೆ ಉಗುರಿನಿಂದ ಕೆರೆಯಬೇಕಿತ್ತು. ಈಗ ಪೈಪು ಹಿಡಿದರೆ ಚಕ್ಕೆ ಚಕ್ಕೆಯಾಗಿ ಜಾರುತ್ತದೆ. ಎರಡು ಬೇಸಿಗೆ ಕಳೆದ ಮೇಲೆ ಬಾನೆಟ್ ಮತ್ತು ಮೇಲ್ಛಾವಣಿಯಲ್ಲಿ ನೀರು ಉರುಳುವುದು ಕಡಿಮೆಯಾಗಿತ್ತು. ಮುಗಿಯಿತು ಅಂದುಕೊಂಡೆ. ವಿನೆಗರ್ ನೀರು ಹಾಕಿ ತೊಳೆದಾಗ ಅರ್ಧದಷ್ಟು ವಾಪಸ್ ಬಂತು, ಅಂದರೆ ಮೇಲೆ ಸುಣ್ಣ ಕೂತಿತ್ತು ಅಷ್ಟೇ. ಬಾಟಲಿ ಮೇಲೆ ಐದು ವರ್ಷ ಅಂತಿದೆ. ನಮ್ಮ ಬಿಸಿಲಿಗೆ ಮೂರು ಬಂದರೆ ನನಗೆ ಸಾಕು.

ಇನ್ನೊಂದು ಬದಲಾದದ್ದು, ದಿನಾ ಬೆಳಿಗ್ಗೆ ಒಣ ಬಟ್ಟೆಯಲ್ಲಿ ಕಾರು ಒರೆಸುವ ಹುಡುಗನ ಕೆಲಸ. ಆ ಜೇಡರ ಬಲೆಯ ಗೀರು ಹಾಕಿದ್ದು ಅವನೇ, ಪಾಪ, ನಾನೇ ದುಡ್ಡು ಕೊಟ್ಟು. ಕೋಟಿಂಗ್ ಮೇಲೂ ಒಣ ಧೂಳು ಒರೆಸಿದರೆ ಗೀರೇ. ಈಗ ಅವನು ಗಾಜು, ಗಾಲಿ, ಒಳಗಿನ ಮ್ಯಾಟ್ ನೋಡಿಕೊಳ್ಳುತ್ತಾನೆ. ಅದೇ ದುಡ್ಡು. "ಸಾಹೇಬ್ರು ಧೂಳ್ ಇರ್ಲಿ ಅಂತಾರ" ಅಂತ ಓಣಿಯಲ್ಲೆಲ್ಲ ಹೇಳಿಕೊಂಡು ನಗುತ್ತಾನೆ.

ಮೊನ್ನೆ ಕಾಕಾನ ಮಗ ಹೊಸ ಕಾರು ತಂದ. ಅದೂ ಕಪ್ಪೇ. "ನಮ್ದಕ್ಕೂ ಎಣ್ಣಿ ಹಚ್ಚಿ ಕೊಡಪಾ" ಅಂದರು ಕಾಕಾ. ಈಗ ಮಾರ್ಚ್ ಕೊನೆ. ಎಳ್ಳ ಅಮಾವಾಸ್ಯೆ ಆಗಲಿ ಕಾಕಾ, ಅಲ್ಲಿ ತನಕ ಬೇವಿನ ಮರದಿಂದ ಸ್ವಲ್ಪ ಆಚೆ ನಿಲ್ಲಿಸ್ರಿ ಅಂದೆ.