ಆಡಿನ ಹಿಂಗಾಲು ಸೋತಾಗ: ಕುಮ್ರಿಯನ್ನು ಬೇಗ ಹಿಡಿಯುವುದು

ಮಳೆಗಾಲ ಮುಗಿಯುವ ಹೊತ್ತಿಗೆ, "ಆಡಿನ ಸೊಂಟ ಬಿದ್ದಿದೆ ಡಾಕ್ಟ್ರೇ, ಮೇವು ಮಾತ್ರ ಚೆನ್ನಾಗಿ ತಿಂತದೆ" ಎಂದು ಯಾರಾದರೂ ಬಂದರೆ ನನ್ನ ಮೊದಲ ಅನುಮಾನ ಕುಮ್ರಿ, ಅಂದರೆ ಹುಳುವಿನಿಂದ ಬರುವ ಹಿಂಗಾಲಿನ ಸೋಲು. ಸೆಟೇರಿಯಾ ಡಿಜಿಟಾಟಾ ಎಂಬ ದಾರದಂಥ ಹುಳು ದನ, ಎಮ್ಮೆಗಳ ಹೊಟ್ಟೆಯ ಪೊಳ್ಳಿನಲ್ಲಿ ಅವಕ್ಕೆ ಹೆಚ್ಚೇನೂ ತೊಂದರೆ ಕೊಡದೆ ಬದುಕುತ್ತದೆ. ಅದರ ಮರಿಗಳನ್ನು ಸೊಳ್ಳೆ ಆಡು, ಕುರಿ, ಕುದುರೆಗೆ ದಾಟಿಸಿದರೆ ಅವು ದಾರಿ ತಪ್ಪಿ ಬೆನ್ನುಹುರಿಗೆ ನುಗ್ಗುತ್ತವೆ. ಹುಳು ಹರಿದ ಜಾಡಿನಲ್ಲೆಲ್ಲ ನರ ಹಾಳಾಗುತ್ತದೆ. ಔಷಧಿ ಹುಳುವನ್ನು ಕೊಲ್ಲಬಹುದು, ಸತ್ತ ನರವನ್ನು ಎಬ್ಬಿಸುವುದಿಲ್ಲ. ಆದ್ದರಿಂದ ಕಾಲು ಎಳೆಯುವ ದಿನವೇ ಹಿಡಿಯಬೇಕು.

ಮೊದಲು ಕೈಗವಸು. ರೇಬಿಸ್ ಕೂಡ ಹಿಂಗಾಲು ಸೋಲುವುದರಿಂದಲೇ ಶುರುವಾಗಬಹುದು. ನಾಯಿ ಕಚ್ಚಿದ ಸುಳಿವು, ಜೊಲ್ಲು, ದನಿಯಲ್ಲಿ ಬದಲಾವಣೆ ಇದ್ದರೆ ಬಾಯಿಗೆ ಕೈ ಹಾಕುವುದೂ ಬೇಡ, ಬೆನ್ನಿಗೆ ಸೂಜಿಯೂ ಬೇಡ.

ಕುಮ್ರಿಯಲ್ಲಿ ಸಾಮಾನ್ಯವಾಗಿ ಜ್ವರ ಇರುವುದಿಲ್ಲ, ಕಣ್ಣು ಚುರುಕಾಗಿರುತ್ತದೆ. ಆಡನ್ನು ಸಮ ನೆಲದಲ್ಲಿ ನಡೆಸಿ ಥಟ್ಟನೆ ತಿರುಗಿಸುತ್ತೇನೆ: ಹಿಂಗಾಲು ಅಡ್ಡ ಬೀಳುತ್ತದೆ, ಗೊರಸಿನ ತುದಿ ನೆಲ ಕೆರೆಯುತ್ತದೆ. ನಿಲ್ಲಿಸಿ, ಪಾದವನ್ನು ಹಿಂದಕ್ಕೆ ಮಡಚಿ ಗೊರಸಿನ ಮುಂಭಾಗ ನೆಲಕ್ಕೆ ತಾಗುವಂತೆ ಇಡುತ್ತೇನೆ. ಆರೋಗ್ಯದ ಆಡು ಕೂಡಲೇ ಕಾಲು ಸರಿಮಾಡಿಕೊಳ್ಳುತ್ತದೆ. ಇದು ಹಾಗೇ ನಿಂತುಬಿಡುತ್ತದೆ. ಒಂದು ಕಾಲು ಇನ್ನೊಂದಕ್ಕಿಂತ ಹೆಚ್ಚು ಸೋತಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ತಾಮ್ರದ ಕೊರತೆಯಾದರೆ ಹಲವು ಮರಿಗಳಲ್ಲಿ, ಎರಡೂ ಕಾಲು ಸಮನಾಗಿ ಸೋಲುವುದೇ ಹೆಚ್ಚು. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕಿನಲ್ಲಿ ಮುಖದ ಒಂದು ಬದಿ ಜೋಲುತ್ತದೆ.

ಗೊರಸಿನ ನಡುವೆ ಫೋರ್ಸೆಪ್ಸಿನಿಂದ ಚಿವುಟಿದಾಗ ಕಾಲು ಹಿಂದೆಳೆದರೆ ಸಾಲದು, ಅದು ಬರೀ ಪ್ರತಿವರ್ತನೆ. ಆಡು ತಿರುಗಿ ನೋಡಬೇಕು ಅಥವಾ ಅರಚಬೇಕು. ನೋವೇ ತಿಳಿಯದಿದ್ದರೆ ಮಾಲೀಕರಿಗೆ ಆಸೆ ಹುಟ್ಟಿಸುವುದಿಲ್ಲ.

ಆಡಿನ ರಕ್ತದ ಸ್ಲೈಡಿನಲ್ಲಿ ಹುಳು ಹುಡುಕಿ "ನೆಗೆಟಿವ್" ಎಂದು ಕೈಬಿಡುವುದನ್ನು ಈಗಲೂ ಕಾಣುತ್ತೇನೆ. ದನ, ಎಮ್ಮೆಯಲ್ಲದ ಜೀವಿಯಲ್ಲಿ ಈ ಹುಳು ಸಾಮಾನ್ಯವಾಗಿ ಬಲಿತು ಮರಿ ಹಾಕುವುದೇ ಇಲ್ಲ, ರಕ್ತದಲ್ಲಿ ಏನು ಸಿಗಬೇಕು? ಉಪಯೋಗಕ್ಕೆ ಬರುವುದು ಬೆನ್ನುಹುರಿಯ ದ್ರವ. ಕೊನೆಯ ಸೊಂಟದ ಮೂಳೆಗೂ ತ್ರಿಕಾಸ್ಥಿಗೂ (ಬಾಲದ ಮುಂದಿನ ಬೆನ್ನೆಲುಬು) ನಡುವಿನ ತಗ್ಗನ್ನು ಬೋಳಿಸಿ, ಮರಗಟ್ಟಲು ಲಿಗ್ನೊಕೇನ್ ಕೊಟ್ಟು, 20 ಗೇಜಿನ ಒಂದೂವರೆ ಇಂಚಿನ ಸೂಜಿಯನ್ನು ನಟ್ಟನಡುವೆ ನೇರ ಇಳಿಸಿದರೆ ಸಣ್ಣಗೆ 'ಟಕ್' ಎಂದ ಅನುಭವ ಕೈಗೆ ಬರುತ್ತದೆ. 1 ಮಿಲಿ ಸಾಕು. ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿಗೆ ಹಾಕಿ ಅರ್ಧ ಗಂಟೆಯೊಳಗೆ ಕೋಶಗಳನ್ನು ಎಣಿಸಬೇಕು, ತಡವಾದರೆ ಅವು ಒಡೆದುಹೋಗುತ್ತವೆ. ಇಯೊಸಿನೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಕಂಡರೆ ಪರಾವಲಂಬಿಯತ್ತ ಬೊಟ್ಟು. ಕಾಣದಿದ್ದರೂ ಲಕ್ಷಣ ಹೊಂದುತ್ತಿದ್ದರೆ ಚಿಕಿತ್ಸೆ ತಡೆಯುವುದಿಲ್ಲ.

25 ಕಿಲೋ ಆಡಿಗೆ ಹುಳು ಕೊಲ್ಲುವ ಡೈಈಥೈಲ್‌ಕಾರ್ಬಮಜೀನ್ ಕಿಲೋಗೆ 40 ಮಿಗ್ರಾಂ ಲೆಕ್ಕದಲ್ಲಿ ದಿನಕ್ಕೆ 1,000 ಮಿಗ್ರಾಂ, ಅಂದರೆ 100ರ ಹತ್ತು ಮಾತ್ರೆ ಬಾಯಿಗೆ, ಐದು ದಿನ. ಜೊತೆಗೆ 1% ಐವರ್‌ಮೆಕ್ಟಿನ್ ಅರ್ಧ ಮಿಲಿ ಚರ್ಮದಡಿ. ಅದೊಂದನ್ನೇ ನಂಬುವುದಿಲ್ಲ, ಮಿದುಳು-ಬೆನ್ನುಹುರಿಯೊಳಗೆ ಅದು ಇಳಿಯುವುದು ಕಡಿಮೆ. ಊತಕ್ಕೆ ಡೆಕ್ಸಾಮೆಥಾಸೋನ್ ಕಿಲೋಗೆ 0.1 ಮಿಗ್ರಾಂ, ಆದರೆ ತುಂಬು ಗಬ್ಬದ ಆಡಿಗೆ ಬೇಡ, ಕಂದು ಹಾಕುತ್ತದೆ.

ಮಲಗಿದ ಆಡಿಗೆ ದಪ್ಪ ಹುಲ್ಲಿನ ಹಾಸಿಗೆ, ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲು, ದಿನಕ್ಕೆರಡು ಸಲ ಗೋಣಿಚೀಲದ ಜೋಲಿಯಲ್ಲಿ ನಿಲ್ಲಿಸುವುದು. ಉಳಿದ ಆಡುಗಳನ್ನು ಸಂಜೆಯಿಂದಲೇ ದನದ ಕೊಟ್ಟಿಗೆಯಿಂದ ದೂರ, ಸೊಳ್ಳೆಪರದೆಯೊಳಗೆ ಕಟ್ಟಿಸುತ್ತೇನೆ.