ಮಲೆನಾಡಿನ ಮಳೆಯಲ್ಲಿ ಹಳೇ ವಿಡಿಯೋ ಗೇಮ್ ಉಳಿಸಿಕೊಂಡ ಬಗೆ

2016ರ ದಸರಾ ರಜೆಯಲ್ಲಿ ಚಿಕ್ಕಮಗಳೂರು ಹತ್ತಿರದ ಆಲ್ದೂರಿನ ತವರುಮನೆಯ ಅಟ್ಟ ಗುಡಿಸಲು ಹತ್ತಿದ್ದೆ. ಟ್ರಂಕಿನ ಹಿಂದೆ, ಅಮ್ಮ ಮಡಚಿಟ್ಟ ಗೋಣಿಚೀಲಗಳ ಅಡಿಯಲ್ಲಿ ನಮ್ಮ ವಿಡಿಯೋ ಗೇಮ್ ಸಿಕ್ಕಿತು. ಲಿಟಲ್ ಮಾಸ್ಟರ್. ನಾನೂ ತಮ್ಮನೂ ಬೇಸಿಗೆ ರಜೆಯಿಡೀ ಅದರ ಮುಂದೆ ಕೂತವರು. ಬಿಳಿ ಪ್ಲಾಸ್ಟಿಕ್ ಹಳದಿಯಾಗಿತ್ತು. ಒಂದು ರಿಮೋಟಿನ ವೈರನ್ನು ಇಲಿ ಕಡಿದಿತ್ತು. ಅಲ್ಲಾಡಿಸಿದರೆ ಒಳಗೆ ಏನೋ ಗಲಗಲ ಅನ್ನುತ್ತಿತ್ತು.

ತಮ್ಮನಿಗೆ ಫೋಟೋ ಕಳಿಸಿದೆ. ತಕ್ಷಣ ಫೋನ್ ಬಂತು. ‘ಅಕ್ಕಾ, ಸುಮ್ನೆ ಆನ್ ಮಾಡ್ಬೇಡ. ಮೊದ್ಲು ಬಿಚ್ಚಿ ನೋಡು.’

ಬಿಚ್ಚಿದೆ. ಒಳಗೆ ಜಿರಲೆಗಳ ಸಂಸಾರವೇ ನಡೆದುಹೋಗಿತ್ತು. ಮೊಟ್ಟೆಯ ಕಂದು ಚಿಪ್ಪುಗಳು, ಒಣಗಿದ ರೆಕ್ಕೆಗಳು. ಗಲಗಲ ಅಂದಿದ್ದು ಕಳಚಿಕೊಂಡ ಒಂದು ತಿರುಪು. ಹಳೇ ಪೇಂಟ್ ಬ್ರಷ್‌ನಿಂದ ಎಲ್ಲವನ್ನೂ ಗುಡಿಸಿ ತೆಗೆದ ಮೇಲೆ ನೋಡಿದರೆ ಬೋರ್ಡಿನ ಮೇಲೆ ಹೆಚ್ಚೇನೂ ಇರಲಿಲ್ಲ. ಮಧ್ಯೆ ಒಂದು ಕಪ್ಪು ಬೊಟ್ಟು, ಡಾಂಬರು ತೊಟ್ಟಿಕ್ಕಿದ ಹಾಗೆ. ಇಡೀ ಯಂತ್ರದ ಬುದ್ಧಿಯೆಲ್ಲ ಆ ಬೊಟ್ಟಿನ ಅಡಿಯಲ್ಲೇ ಇರುತ್ತದೆ. ಅದು ಸತ್ತರೆ ರಿಪೇರಿ ಇಲ್ಲ. ಉಳಿದಿದ್ದೆಲ್ಲಕ್ಕೂ ದಾರಿ ಇದೆ.

ನಾವು ಆಡಿದ ಲಿಟಲ್ ಮಾಸ್ಟರ್ ಥರದ ಯಂತ್ರಗಳೆಲ್ಲ ಜಪಾನಿನ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಯಂತ್ರದ ನಕಲುಗಳು. ಮಸಾಯುಕಿ ಉಎಮುರಾ ಅವರ ತಂಡ ರೂಪಿಸಿದ ಫ್ಯಾಮಿಕಾಮ್ 1983ರ ಜುಲೈನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂತು. ಅದರ ಕ್ಯಾಸೆಟ್ಟಿಗೆ, ಅಂದರೆ ಆಟ ತುಂಬಿದ ಡಬ್ಬಿಗೆ, 60 ಪಿನ್. ನಮ್ಮ ಯಂತ್ರಗಳಿಗೂ ಅಷ್ಟೇ. ಅಮೆರಿಕದಲ್ಲಿ ಇದೇ ಯಂತ್ರ ಬೇರೆ ಮೈಕಟ್ಟಿನಲ್ಲಿ ಬಂದಾಗ 72 ಪಿನ್ ಮಾಡಿದರು. ಅದಕ್ಕೇ ಅಲ್ಲಿಯ ಕ್ಯಾಸೆಟ್ ನಮ್ಮ ಯಂತ್ರದೊಳಗೆ ಕೂರುವುದಿಲ್ಲ. ಹೊರದೇಶದಿಂದ ತರಿಸುವವರು ಮೊದಲು ಪಿನ್ ಎಷ್ಟು ಅಂತ ಕೇಳಿಕೊಳ್ಳಿ. ನಕಲು ಅಂತ ಕೆಲವು ಸಂಗ್ರಹಕಾರರು ಇವನ್ನು ಹತ್ತಿರ ಸೇರಿಸುವುದಿಲ್ಲ. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ಜಿಲ್ಲೆಯ ಮಕ್ಕಳು ಮಾರಿಯೋನನ್ನು ಕಂಡಿದ್ದೇ ಇವುಗಳಲ್ಲಿ. ನಮ್ಮ ಪಾಲಿಗೆ ಇವೇ ಅಸಲಿ.

ಕ್ಯಾಸೆಟ್ ಓದದಿದ್ದರೆ ನಾವು ಏನು ಮಾಡುತ್ತಿದ್ದೆವು? ಉಫ್ ಅಂತ ಊದುತ್ತಿದ್ದೆವು, ಅಲ್ವಾ? ಈಗ ನಾನು ಊದುವುದಿಲ್ಲ. ಉಸಿರಿನ ತೇವ ಕ್ಯಾಸೆಟ್ಟಿನ ಹಲ್ಲುಗಳ, ಅಂದರೆ ಆ ಪಿನ್ನುಗಳ, ಮೇಲೆ ಕೂತು ನಿಧಾನಕ್ಕೆ ಕಿಲುಬು ಹಿಡಿಸುತ್ತದೆ. ಊದಿದ ಮೇಲೆ ಗೇಮ್ ಬರುತ್ತಿದ್ದದ್ದು ಹೆಚ್ಚಾಗಿ ಕ್ಯಾಸೆಟ್ ತೆಗೆದು ಮತ್ತೆ ಸರಿಯಾಗಿ ಕೂರಿಸಿದ್ದರಿಂದ. ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಮೊಬೈಲ್ ರಿಪೇರಿ ಹುಡುಗನ ಹತ್ತಿರ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಅನ್ನುವ ಸ್ಪಿರಿಟ್ ಸಿಕ್ಕಿತು. ಬಡ್ಸ್‌ಗೆ ಅದನ್ನು ಅದ್ದಿ ಹಲ್ಲುಗಳನ್ನು ಮೇಲಿಂದ ಕೆಳಗೆ ಒರೆಸಬೇಕು, ಅಡ್ಡಡ್ಡ ಅಲ್ಲ. ಮೊದಲ ಬಡ್ಸ್ ಕಾಡಿಗೆಯಷ್ಟು ಕಪ್ಪಾಯಿತು. ಐದನೆಯದು ಬಿಳಿಯಾಗಿಯೇ ಉಳಿಯಿತು. ಹಟಮಾರಿ ಕಲೆಗೆ ಮಕ್ಕಳ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿದೆ. ಮರಳುಕಾಗದ ಮಾತ್ರ ಬೇಡ, ಲೇಪವೇ ಕಿತ್ತು ಬರುತ್ತದೆ.

ಆ ರಾತ್ರಿ ಮಾರಿಯೋ ಬಂತು. ಅಮ್ಮ ಅಡುಗೆಮನೆಯಿಂದಲೇ ಆ ಸಂಗೀತ ಕೇಳಿ ‘ಅಯ್ಯೋ, ಇದಿನ್ನೂ ಇದೆಯೇನೇ?’ ಅಂದರು. ಹುಚ್ಚು ಹಿಡಿದಿದ್ದು ಅಲ್ಲಿಂದಲೇ.

ಎರಡನೇ ಯಂತ್ರ ಹಾಸನದ ಒಂದು ಗುಜರಿಯಲ್ಲಿ 300 ರೂಪಾಯಿಗೆ ಸಿಕ್ಕಿತು. ಅದನ್ನು ನಾನೇ ಕೊಂದೆ. ಮನೆಯಲ್ಲಿದ್ದ ಒಂದು 9 ವೋಲ್ಟ್ ಅಡಾಪ್ಟರ್ ಚುಚ್ಚಿದೆ. ಪಿನ್ ಸರಿಯಾಗಿ ಕೂತಿತು. ಸುಟ್ಟ ವಾಸನೆ ಬಂತು, ಅಷ್ಟೇ. ವೋಲ್ಟ್ ಒಂದೇ ಇದ್ದರೂ ಪ್ಲಸ್ ಮೈನಸ್ ತಿರುಗುಮುರುಗಾಗಿತ್ತು. ಈಗಿನ ಅಡಾಪ್ಟರುಗಳಲ್ಲಿ ಹೆಚ್ಚಾಗಿ ನಡುವಿನ ತೂತು ಪ್ಲಸ್. ಅಸಲಿ ಫ್ಯಾಮಿಕಾಮ್‌ಗೆ ನಡುವಿನದು ಮೈನಸ್ ಇರಬೇಕು. ನಕಲುಗಳಲ್ಲಿ ಒಂದೊಂದು ಒಂದೊಂದು ಥರ. ಅವತ್ತಿನಿಂದ ಮಲ್ಟಿಮೀಟರ್ ಇಟ್ಟು ನೋಡದೆ ಯಾವ ಯಂತ್ರಕ್ಕೂ ಕರೆಂಟ್ ಕೊಟ್ಟಿಲ್ಲ. ಆ ಸತ್ತ ಬೋರ್ಡನ್ನು ಎಸೆದಿಲ್ಲ. ಅದರ ಕ್ಯಾಸೆಟ್ ಸಾಕೆಟ್ ಬೇರೊಂದು ಯಂತ್ರವನ್ನು ಬದುಕಿಸಿತು.

ಕ್ಯಾಸೆಟ್‌ಗಳು ಸಂತೆಯ ಆಟಿಕೆ ಅಂಗಡಿಗಳಲ್ಲಿ, ನೆಂಟರ ಮನೆಯ ಶೋಕೇಸುಗಳಲ್ಲಿ ಸಿಗುತ್ತಾ ಹೋದವು. ಮೇಲೆ 9999 ಗೇಮ್ ಅಂತ ಬರೆದಿದ್ದರೂ ಒಳಗಿರುವುದು ಬೆರಳೆಣಿಕೆಯಷ್ಟು. ಅವೇ ಆಟಗಳು ಬೇರೆ ಬೇರೆ ಹಂತದಿಂದ, ಬೇರೆ ಹೆಸರಿನಲ್ಲಿ ತಿರುತಿರುಗಿ ಬರುತ್ತವೆ. ಆದರೂ ಚೀಟಿಯ ಮೇಲಿನ ಆ ಬಣ್ಣದ ಚಿತ್ರಗಳಿಗಾಗಿ ಕೊಳ್ಳುತ್ತೇನೆ.

ಆಮೇಲೆ ಬಂದೂಕಿನ ಸಮಸ್ಯೆ. ಬಾತುಕೋಳಿ ಹೊಡೆಯುವ ಡಕ್ ಹಂಟ್ ನೆನಪಿದೆಯಲ್ಲ? ಹೊಸ ಟಿವಿಗೆ ಹಾಕಿ ಎಷ್ಟು ಗುರಿಯಿಟ್ಟರೂ ಒಂದೂ ಬೀಳಲಿಲ್ಲ. ಬಂದೂಕು ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಆ ಬಂದೂಕಿನಿಂದ ಏನೂ ಹೊರಗೆ ಹೋಗುವುದಿಲ್ಲ, ಅದು ಬರೀ ನೋಡುತ್ತದೆ. ಕುದುರೆ ಎಳೆದ ಕ್ಷಣ ಪರದೆ ಕಪ್ಪಾಗುತ್ತದೆ, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ನಳಿಗೆಯೊಳಗಿನ ಕಣ್ಣಿಗೆ ಆ ಕಪ್ಪಿನ ಹಿಂದೆಯೇ ಬೆಳಕು ಕಂಡರೆ ಗುರಿ ತಾಗಿದ ಲೆಕ್ಕ. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಹೊಸ ಟಿವಿ ಚಿತ್ರ ತೋರಿಸುವುದು ಒಂಚೂರು ತಡ. ಬಂದೂಕಿಗೆ ಆ ತಡ ಗೊತ್ತಾಗುವುದಿಲ್ಲ.

ಹಾಗಾಗಿ ಆ ತಡವಿಲ್ಲದ ಹಳೇ ಡಬ್ಬ ಟಿವಿ ಹುಡುಕಿ ಹೊರಟೆ. ಗುಜರಿಯವರು ಅದನ್ನು ಒಡೆದು ಹಿಂದಿನ ತಾಮ್ರದ ಸುರುಳಿ ತೆಗೆದುಕೊಳ್ಳುತ್ತಾರೆ. ‘ಅಕ್ಕ, ಇದನ್ಯಾರು ನೋಡ್ತಾರೆ ಈಗ?’ ಅಂತ ಕೇಳಿದ ಒಬ್ಬರು, ನಾನು ಮೂರನೇ ಸಲ ಹೋಗುವಷ್ಟರಲ್ಲಿ 21 ಇಂಚಿನದೊಂದನ್ನು ಒಡೆಯದೆ ಗೋಣಿ ಮುಚ್ಚಿ ಎತ್ತಿಟ್ಟಿದ್ದರು. 400 ಕೊಟ್ಟೆ. ಆಟೋ ಬಾಡಿಗೆ ಬೇರೆ. ಒಂದು ಮಾತು ನೆನಪಿಡಿ: ಡಬ್ಬ ಟಿವಿಯ ಹಿಂಬದಿಯನ್ನು ನೀವೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು. ಅದನ್ನು ಹಳೇ ಟಿವಿ ಮೆಕ್ಯಾನಿಕ್ಕಿಗೇ ಬಿಡಿ. ನಮ್ಮೂರಲ್ಲಿ ಅಂಥವರು ಇನ್ನೂ ಇದ್ದಾರೆ.

ಇಷ್ಟೆಲ್ಲ ಯಾವ ಊರಿನಲ್ಲಾದರೂ ಮಾಡಬಹುದು. ಚಿಕ್ಕಮಗಳೂರಿನ ನಿಜವಾದ ಕಷ್ಟ ಶುರುವಾಗುವುದು ಜೂನ್‌ನಲ್ಲಿ. ಜಡಿಮಳೆ ಹಿಡಿದರೆ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು, ಪುಸ್ತಕಕ್ಕೆ ಬೂಷ್ಟು. ಮೊದಲ ವರ್ಷ ಕ್ಯಾಸೆಟ್‌ಗಳನ್ನು ಚಂದವಾಗಿ ಗಾಜಿನ ಬೀರುವಿನಲ್ಲಿ ಜೋಡಿಸಿದ್ದೆ. ಆಗಸ್ಟ್‌ನಲ್ಲಿ ತೆಗೆದು ನೋಡಿದರೆ ಚೀಟಿಗಳ ಮೇಲೆ ಬಿಳಿ ಹಿಟ್ಟು ಉದುರಿಸಿದ ಹಾಗೆ. ಎರಡು ಕ್ಯಾಸೆಟ್ಟಿನ ಹಲ್ಲುಗಳಿಗೆ ಹಸಿರು ಕಿಲುಬು. ಅಳುವೇ ಬಂದಿತ್ತು.

ಕಾಫಿ ಬೀಜವನ್ನು ಕಣದಲ್ಲಿ ಒಣಗಿಸಿ, ತೇವ ಅಳೆದು, ಆಮೇಲೆ ಚೀಲ ಕಟ್ಟುವ ಊರು ನಮ್ಮದು. ಅದೇ ಬುದ್ಧಿ ಇಲ್ಲಿಗೂ ಬೇಕಿತ್ತು. ಬೀರು ಬಿಟ್ಟು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಗಳಿಗೆ ಬಂದೆ. ಪ್ರತಿ ಡಬ್ಬದಲ್ಲಿ ತೇವ ತೋರಿಸುವ ಒಂದು ಪುಟ್ಟ ಮೀಟರ್, ತೆಳು ಬಟ್ಟೆಯ ಚೀಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳು. ಜುಲೈನಲ್ಲಿ ಕೋಣೆಯ ಮೀಟರ್ ಶೇಕಡಾ 90 ದಾಟುತ್ತದೆ. ಡಬ್ಬದೊಳಗೆ 50ರ ಆಸುಪಾಸು ನಿಲ್ಲಿಸುತ್ತೇನೆ. ಜೆಲ್ ನೀರು ಕುಡಿದಾಗ ಬಣ್ಣ ಬದಲಾಗುತ್ತದೆ, ನನ್ನದು ಕಿತ್ತಳೆಯಿಂದ ಹಸಿರಿಗೆ. ಆಗ ಕಾವಲಿಗೆ ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಇದ್ದರೆ ಮತ್ತೆ ಕಿತ್ತಳೆಗೆ ಬರುತ್ತದೆ, ಸಾಸಿವೆ ಹುರಿದಷ್ಟೇ ತಾಳ್ಮೆ ಬೇಕು. ಅದಕ್ಕೇ ಅಂತ ಬೇರೆ ಕಾವಲಿ ಇಟ್ಟಿದ್ದೇನೆ. ನೀಲಿ ಬಣ್ಣದ ಜೆಲ್ ಕೂಡ ಸಿಗುತ್ತದೆ, ಅದರಲ್ಲಿ ಕೋಬಾಲ್ಟ್ ಇರುತ್ತದೆ, ವಿಷ. ಮಕ್ಕಳಿರುವ ಮನೆಗೆ ಬೇಡ.

ಇದಕ್ಕಿಂತ ದೊಡ್ಡ ಮದ್ದು ಆಡುವುದು. ಹದಿನೈದು ದಿನಕ್ಕೊಮ್ಮೆ ಪ್ರತಿ ಯಂತ್ರವನ್ನೂ ಅರ್ಧ ಗಂಟೆ ಆನ್ ಮಾಡುತ್ತೇನೆ. ಬೋರ್ಡು ಬೆಚ್ಚಗಾಗಿ ಒಳಗಿನ ಥಂಡಿ ಹೋಗುತ್ತದೆ. ಜಿರಲೆಗೂ ನೆಮ್ಮದಿ ಸಿಗುವುದಿಲ್ಲ. ಗುಡುಗು ಕೇಳಿದರೆ ಮಾತ್ರ ಪ್ಲಗ್ಗನ್ನೇ ಕಿತ್ತಿಡುತ್ತೇನೆ. ಹೀಗೆ ಆಡುತ್ತಾ ಇಟ್ಟ ಹನ್ನೊಂದು ಯಂತ್ರಗಳಲ್ಲಿ ಇವತ್ತಿಗೆ ಹನ್ನೊಂದೂ ಓಡುತ್ತಿವೆ. ಪೆಟ್ಟಿಗೆ ತೆರೆಯದೆ ಕಾಯ್ದಿಡುವವರ ಕ್ರಮ ಒಣ ಊರಿಗೆ ಸರಿ ಇರಬಹುದು, ಇಲ್ಲಿ ನಡೆಯುವುದಿಲ್ಲ.

ಹಳದಿಯಾದ ಪ್ಲಾಸ್ಟಿಕ್ಕನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಒಮ್ಮೆ ಬೆಳ್ಳಗೆ ಮಾಡಿದ್ದೆ. ಎರಡೇ ವರ್ಷಕ್ಕೆ ಮತ್ತೆ ಹಳದಿ. ಈಗ ಹಾಗೇ ಬಿಡುತ್ತೇನೆ.

2019ರಲ್ಲಿ ಜಪಾನಿನಿಂದ ಬಂದ ನೆಂಟರೊಬ್ಬರು ಅಸಲಿ ಫ್ಯಾಮಿಕಾಮ್ ತಂದುಕೊಟ್ಟರು, 1993ರಲ್ಲಿ ಬಂದ, ಟಿವಿಗೆ ಎವಿ ವೈರ್ ಚುಚ್ಚುವ ಮಾದರಿ. ಅಲ್ಲಿಯ ಕರೆಂಟ್ 100 ವೋಲ್ಟ್, ಹಾಗಾಗಿ ಅದರ ಅಡಾಪ್ಟರ್ ಪಕ್ಕಕ್ಕಿಟ್ಟು ಇಲ್ಲಿಯದೇ ಹೊಂದಿಸಿದೆ. ಮಾರಿಯೋ ಹಾಕಿದರೆ ಮೊದಲ ಗುಂಡಿಗೇ ಬಿದ್ದೆ. ಮತ್ತೆ ಆಡಿದೆ, ಮತ್ತೆ ಬಿದ್ದೆ. ಮಾರಿಯೋ ಜಾಸ್ತಿ ಜೋರಾಗಿ ಓಡುತ್ತಿದ್ದ! ಕಾರಣ ಆಮೇಲೆ ತಿಳಿಯಿತು. ಜಪಾನಿನ ಟಿವಿಯಲ್ಲಿ ಚಿತ್ರ ಸೆಕೆಂಡಿಗೆ 60 ಸಲ ಬದಲಾಗುತ್ತದೆ, ನಮ್ಮಲ್ಲಿ 50 ಸಲ. ಆಟದ ಲೆಕ್ಕವೆಲ್ಲ ಆ ಎಣಿಕೆಯ ಮೇಲೆ ನಿಂತಿದೆ. ನಮ್ಮ ಲಿಟಲ್ ಮಾಸ್ಟರ್‌ನಲ್ಲಿ ಅದೇ ಆಟ ಆರರಲ್ಲಿ ಐದು ಪಾಲು ವೇಗದಲ್ಲಿ ಓಡುತ್ತಿತ್ತು. ನಮ್ಮ ಬಾಲ್ಯದ ಮಾರಿಯೋ ನಿಧಾನದ ಮಾರಿಯೋ. ತಮ್ಮನಿಗೆ ಹೇಳಿದರೆ ನಂಬಲಿಲ್ಲ. ಎರಡನ್ನೂ ಒಂದಾದ ಮೇಲೊಂದು ಆಡಿಸಿದೆ. ಕಣ್ಣು ಮುಚ್ಚಿ ಹಾಡು ಕೇಳಿಯೇ ‘ಇದು ನಮ್ಮದು’ ಅಂತ ಸರಿಯಾಗಿ ಹೇಳಿದ.

ಕೊನೆಯದಾಗಿ ಮಲ್ಲಂದೂರು ಕಡೆಯ ಒಂದು ತೋಟದ ಮನೆಯ ವಿಷಯ. ವಯಸ್ಸಾದ ದಂಪತಿ, ‘ಮೊಮ್ಮಗಳದು, ಕೆಟ್ಟಿದೆ, ಬೇಕಾದ್ರೆ ತಗೊಂಡು ಹೋಗಮ್ಮ’ ಅಂತ ಒಂದು ಗೇಮ್ ಬಾಯ್ ಕೊಟ್ಟರು, ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಯಂತ್ರ. ಗುನ್‌ಪೇ ಯೊಕೊಯ್ ಅವರ ತಂಡ ಮಾಡಿದ, 1989ರಲ್ಲಿ ಬಂದ ಆ ಬೂದು ಇಟ್ಟಿಗೆ. ನಾಲ್ಕು ಆಲ್ಕಲೈನ್ ಸೆಲ್ ಒಳಗೇ ಸೋರಿ ಸ್ಪ್ರಿಂಗ್‌ಗಳ ಮೇಲೆ ಉಪ್ಪು ಕಟ್ಟಿತ್ತು. ವಿನೆಗರ್ ಹಚ್ಚಿ ಕರಗಿಸಿ, ಸ್ಪಿರಿಟ್‌ನಲ್ಲಿ ಒರೆಸಿ, ಹೊಸ ಸೆಲ್ ಹಾಕಿದೆ. ಒಳಗಿದ್ದದ್ದು ಪೋಕೆಮಾನ್ ರೆಡ್ ಕ್ಯಾಸೆಟ್. ಆಟ ಅರ್ಧಕ್ಕೆ ನಿಲ್ಲಿಸಿದ್ದು ಹಾಗೇ ಇತ್ತು. ಪುಟ್ಟಿ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೆಸರು, ಆಟದಲ್ಲಿ ಗೆದ್ದ 6 ಬ್ಯಾಡ್ಜ್, ಆಡಿದ್ದು 41 ಗಂಟೆ.

ಈ ಕ್ಯಾಸೆಟ್ಟಿನೊಳಗೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ನೆನಪು ನಿಂತಿರುವುದು ಅದರ ಮೇಲೆ. ತೆಗೆದರೆ ಎಲ್ಲ ಅಳಿಸಿಹೋಗುತ್ತದೆ. ಬಿಟ್ಟರೂ ಇವತ್ತೋ ನಾಳೆಯೋ ಅದೇ ಗತಿ. ಕ್ಯಾಸೆಟ್ ಓದುವ ಯುಎಸ್‌ಬಿ ಸಾಧನ ತರಿಸಿ ಆ 41 ಗಂಟೆಗಳನ್ನು ಮೊದಲು ಕಂಪ್ಯೂಟರಿಗೆ ಇಳಿಸಿದೆ. ಹಳೇ ಬ್ಯಾಟರಿ ಬಿಡಿಸಿ ಹೊಸದನ್ನು ಸೋಲ್ಡರ್ ಮಾಡಿ ಮತ್ತೆ ಏರಿಸಿದೆ. ಆನ್ ಮಾಡುವಾಗ ಕೈ ನಡುಗಿತು. ಪುಟ್ಟಿ ಇದ್ದಳು.

ತೋಟದ ಮನೆಗೆ ಫೋನ್ ಮಾಡಿದೆ. ದೀಪಾವಳಿಗೆ ಬೆಂಗಳೂರಿನಿಂದ ಬಂದ ಮೊಮ್ಮಗಳು ನೇರ ನಮ್ಮ ಮನೆಗೇ ಬಂದಳು. ಹೆಸರು ನೋಡಿ ಸುಮಾರು ಹೊತ್ತು ಮಾತೇ ಆಡಲಿಲ್ಲ. ಯಂತ್ರ, ಕ್ಯಾಸೆಟ್ ಎರಡನ್ನೂ ಅವಳ ಕೈಗೇ ಕೊಟ್ಟೆ. ವಾಪಸ್ ಹೋಗುವಾಗ ಬಸ್ಸಿನಲ್ಲಿ ಆಡುತ್ತೇನೆ ಅಂದಳು. ಪರದೆಗೆ ಬೆಳಕಿಲ್ಲ, ಕಿಟಕಿ ಪಕ್ಕ ಕೂತ್ಕೋ ಅಂತ ಹೇಳಿ ಕಳಿಸಿದೆ.